ಹುಡುಗನ ಕಡೆಯವರು ಜೀನ್ ಟೆಸ್ಟ್ ಕೇಳಿದ್ದಾರೆ, ಮಾಡಿಸಲೇಬೇಕಾ?

ಪ್ರಶ್ನೆ: ನಾನು ಹೊನ್ನಾಳಿ ತಾಲ್ಲೂಕಿನವಳು. ವಯಸ್ಸು 24, ದಾವಣಗೆರೆಯಲ್ಲಿ ಕೆಲಸದಲ್ಲಿದ್ದೇನೆ. ನನ್ನ ತಮ್ಮನಿಗೆ 19 ವರ್ಷ. ಅವನಿಗೆ ತೀವ್ರ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದೆ. ನಮ್ಮ ಸೋದರಮಾವ ಒಬ್ಬರು ಚಿಕ್ಕಂದಿನಲ್ಲಿ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ ತೀರಿಕೊಂಡರಂತೆ. ಈಗ ಚನ್ನಗಿರಿ ಕಡೆಯಿಂದ ನನಗೆ ಸಂಬಂಧ ಬಂದಿದೆ. ಹುಡುಗ ಒಪ್ಪಿದ್ದಾರೆ. ಆದರೆ ಅವರ ಚಿಕ್ಕಪ್ಪ, 'ಹುಡುಗಿಗೆ ಜೀನ್ ಟೆಸ್ಟ್ ಮಾಡಿಸಿ, ರಿಪೋರ್ಟ್ ನಮಗೆ ಕೊಡಿ, ಆಮೇಲೆ ಮುಂದಿನ ಮಾತು' ಎಂದಿದ್ದಾರೆ. ಅಪ್ಪ ಮಾಡಿಸೋಣ ಅನ್ನುತ್ತಾರೆ. 14 ವರ್ಷದ ತಂಗಿಯದೂ ಒಟ್ಟಿಗೆ ಮುಗಿಸಿಬಿಡೋಣ ಅನ್ನುತ್ತಾರೆ. ಅಮ್ಮ ಮಾತ್ರ ಬೇಡವೇ ಬೇಡ, ಗೊತ್ತಾದರೆ ಇನ್ಯಾವ ಗಂಡೂ ಬರಲ್ಲ ಅಂತ ಅಳುತ್ತಾರೆ. ನನಗೂ ಈಗಲೇ ತಿಳಿದುಕೊಳ್ಳುವ ಮನಸ್ಸಿಲ್ಲ. ತಿಳಿಯದೇ ಇರುವ ಹಕ್ಕು ನನಗಿಲ್ಲವಾ? ಇನ್ನೊಂದು, ದೊಡ್ಡಮ್ಮನ ಮಗಳು ಜಗಳೂರಿನಲ್ಲಿದ್ದಾಳೆ, ಈಗ ಐದು ತಿಂಗಳ ಬಸುರಿ. ಅವಳಿಗೆ ಇದನ್ನೆಲ್ಲ ಹೇಳಬೇಕಾ? ನನಗೆ ಮುಟ್ಟಿನಲ್ಲಿ ಎಂಟು ದಿನ ಹೋಗುತ್ತದೆ, ಅಮ್ಮನಿಗೂ ಹಾಗೇ ಇತ್ತಂತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮನೆಯಲ್ಲಿ ಎಲ್ಲರೂ ನಿಮ್ಮ ಮದುವೆಯ ಬಗ್ಗೆ ಮಾತಾಡುತ್ತಿದ್ದಾರೆ. ನಿಮ್ಮ ಆರೋಗ್ಯದ ಬಗ್ಗೆ ಯಾರೂ ಕೇಳಿದ ಹಾಗಿಲ್ಲ. ನೀವು ಕೂಡ ಅದನ್ನು ಸುಮ್ನೆ ಕೊನೆಗೆ ಸೇರಿಸಿದ್ದೀರಿ. ನಿಮ್ಮ ಮುಟ್ಟಿಗೂ ಹಿಮೋಫಿಲಿಯಾಕ್ಕೂ ಸಂಬಂಧ ಇರಬಹುದು. ಅದಕ್ಕೇ ನೀವು ಮೊದಲು ಮಾಡಿಸಬೇಕಾದದ್ದು ಜೀನ್ ಟೆಸ್ಟ್ ಅಲ್ಲ, ಫ್ಯಾಕ್ಟರ್ ಟೆಸ್ಟ್.

ಇವೆರಡೂ ಬೇರೆ ಬೇರೆ. ನಿಮ್ಮ ಮನೆಯ ಗೊಂದಲ ಅರ್ಧ ಹುಟ್ಟಿದ್ದೇ ಇವೆರಡನ್ನೂ ಒಂದು ಮಾಡಿದ್ದರಿಂದ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ನಿಮ್ಮ ರಕ್ತದಲ್ಲಿ ಎಷ್ಟಿದೆ ಅಂತ ಹೇಳುವುದು ಫ್ಯಾಕ್ಟರ್ ಟೆಸ್ಟ್. ಅದು ನಿಮ್ಮ ಇವತ್ತಿನ ಮೈ ಬಗ್ಗೆ. ಆ ಫ್ಯಾಕ್ಟರ್ ತಯಾರಿಸುವ ಜೀನ್‌ನಲ್ಲಿ ನಿಮ್ಮ ತಮ್ಮನಿಗಿರುವ ಬದಲಾವಣೆ ನಿಮಗೂ ಬಂದಿದೆಯಾ ಅಂತ ಹೇಳುವುದು ಜೀನ್ ಟೆಸ್ಟ್. ಅದು ಹೆಚ್ಚಾಗಿ ನಿಮಗೆ ಮುಂದೆ ಹುಟ್ಟುವ ಮಕ್ಕಳ ಬಗ್ಗೆ. ಮೊದಲನೆಯದನ್ನು ಮುಂದೂಡಬೇಡಿ. ಎರಡನೆಯದಕ್ಕೆ ಯಾವ ಅವಸರವೂ ಇಲ್ಲ.

ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸಿಗೆ ಒಂದೇ ಎಕ್ಸ್, ಅದು ಕೆಟ್ಟರೆ ರೋಗ ಕಾಣಿಸಿಕೊಳ್ಳುತ್ತದೆ. ಹೆಂಗಸಿಗೆ ಎರಡು. ಹಾಗಾಗಿ ಹೆಣ್ಣುಮಕ್ಕಳು ಬರೀ 'ಕ್ಯಾರಿಯರ್', ಅಂದರೆ ಆ ಜೀನನ್ನು ಮಕ್ಕಳಿಗೆ ದಾಟಿಸುವವರು, ಅವರಿಗೆ ಏನೂ ಆಗಲ್ಲ ಅಂತ ಬಹಳ ವರ್ಷ ನಂಬಿದ್ದರು. ಆದರೆ ಹೆಂಗಸಿನ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿಕೊಂಡಿರುತ್ತದೆ ಅಂತ ಬ್ರಿಟನ್ನಿನ ಜೀನ್ ವಿಜ್ಞಾನಿ ಮೇರಿ ಲಯನ್ 1961ರಲ್ಲೇ ಹೇಳಿದ್ದರು. ಯಾವುದು ಮುಚ್ಚುತ್ತದೆ ಅನ್ನುವುದಕ್ಕೆ ಲೆಕ್ಕ ಇಲ್ಲ. ಒಳ್ಳೆಯದೇ ಜಾಸ್ತಿ ಮುಚ್ಚಿದ್ದರೆ ಆ ಹೆಂಗಸಿನ ಫ್ಯಾಕ್ಟರ್ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಫ್ಯಾಕ್ಟರ್ 8 ಶೇ 50ರಿಂದ 150ರ ನಡುವೆ ಇರುತ್ತದೆ. ಶೇ 40ಕ್ಕಿಂತ ಕೆಳಗಿದ್ದರೆ ಅವರನ್ನು ಕ್ಯಾರಿಯರ್ ಅನ್ನದೆ ಹಿಮೋಫಿಲಿಯಾ ಇರುವವರು ಎಂದೇ ಲೆಕ್ಕ ಹಿಡಿಯಬೇಕು ಅಂತ 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಹೇಳಿತು. ಎಂಟು ದಿನದ ಮುಟ್ಟು, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ಹೆರಿಗೆಯಾದ ಮೇಲೆ ವಾರಗಟ್ಟಲೆ ಹೋಗುವುದು, ಇವೆಲ್ಲ ಅದರ ಗುರುತುಗಳಾಗಿರಬಹುದು. ನಿಮ್ಮ ಅಮ್ಮ ಅದನ್ನು ಹೆಂಗಸರಿಗೆ ಇದ್ದದ್ದೇ ಅಂತ ನುಂಗಿಕೊಂಡು ಬಂದಿರುತ್ತಾರೆ.

ಹಾಗಾಗಿ ಫ್ಯಾಕ್ಟರ್ 8, ಹಿಮೋಗ್ಲೋಬಿನ್ ಮತ್ತು ಕಬ್ಬಿಣದಂಶದ ಲೆಕ್ಕಕ್ಕೆ ಫೆರಿಟಿನ್ ನೋಡಿಸಿ. ರಕ್ತ ಹೆಪ್ಪುಗಟ್ಟಲು ಬೇಕಾದ ಇನ್ನೊಂದು ಅಂಶ ವಾನ್ ವಿಲ್ಲಿಬ್ರಾಂಡ್, ಅದನ್ನೂ ನೋಡಿದರೆ ಒಳ್ಳೆಯದು. ಜಾಸ್ತಿ ರಕ್ತ ಹೋಗಲು ಹಿಮೋಫಿಲಿಯಾ ಒಂದೇ ಕಾರಣ ಅಲ್ಲ, ಗರ್ಭಕೋಶದ ಗಡ್ಡೆಯಿಂದ ಥೈರಾಯ್ಡ್‌ವರೆಗೆ ಹತ್ತು ಕಾರಣ ಇರುತ್ತವೆ. ಕಾರಣ ಗೊತ್ತಾದರೆ ಚಿಕಿತ್ಸೆ ಇದೆ, ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿಂದಲೇ ಎಷ್ಟೋ ಜನರಿಗೆ ಹತೋಟಿಗೆ ಬರುತ್ತದೆ. ಅಲ್ಲಿಯವರೆಗೆ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ.

ಇಲ್ಲೊಂದು ಮಾತು. ಫ್ಯಾಕ್ಟರ್ ಸರಿಯಾಗಿದೆ ಅಂತ ಬಂದರೆ ನೀವು ಕ್ಯಾರಿಯರ್ ಅಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಕ್ಯಾರಿಯರ್‌ಗಳ ಫ್ಯಾಕ್ಟರ್ ಸರಿಯಾಗೇ ಇರುತ್ತದೆ. ಯಾರಾದರೂ ಆ ರಿಪೋರ್ಟ್ ಹಿಡಿದುಕೊಂಡು 'ಹುಡುಗಿಗೆ ಏನೂ ಇಲ್ಲ' ಅಂದರೆ ಅದು ಸುಳ್ಳು ಭರವಸೆ. ನಿಮಗೆ ತಿಳಿಯುವ ಮನಸ್ಸಿಲ್ಲದಿದ್ದರೆ ಇದು ಅನುಕೂಲವೂ ಹೌದು. ಆದರೆ ಫ್ಯಾಕ್ಟರ್ ತೀರಾ ಕಡಿಮೆ ಬಂದರೆ ಜೀನ್ ವಿಷಯವೂ ಹೆಚ್ಚುಕಡಿಮೆ ಗೊತ್ತಾದಂತೆಯೇ. ಇದನ್ನು ರಕ್ತ ಕೊಡುವ ಮೊದಲೇ ತಿಳಿದಿರಿ. ಅದಕ್ಕೆ ಹೆದರಿ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ. ನಾಳೆ ಅಪೆಂಡಿಕ್ಸ್ ಆಪರೇಷನ್ ಬಂದರೂ, ಹೆರಿಗೆ ಬಂದರೂ ಈ ಅಂಕಿ ನಿಮ್ಮ ಜೀವ ಉಳಿಸುವಂಥದ್ದು.

ಈಗ ಜೀನ್ ಟೆಸ್ಟ್. ಮಾಡಿಸಲೇಬೇಕಾ? ಇಲ್ಲ. ಮದುವೆಗೆ ಮುಂಚೆ ಜೀನ್ ಟೆಸ್ಟ್ ಮಾಡಿಸಬೇಕು ಅಂತ ನಮ್ಮ ದೇಶದಲ್ಲಿ ಯಾವ ಕಾನೂನೂ ಹೇಳುವುದಿಲ್ಲ. ತಿಳಿಯದೇ ಇರುವ ಹಕ್ಕಿನ ಬಗ್ಗೆ ಕೇಳಿದ್ದೀರಿ. ಇದೆ. ಜೀನ್ ಪರೀಕ್ಷೆಯ ಫಲಿತಾಂಶ ತಿಳಿಯಬೇಕೋ ಬೇಡವೋ ಅಂತ ತೀರ್ಮಾನಿಸುವ ಹಕ್ಕು ಆಯಾ ವ್ಯಕ್ತಿಯದೇ ಅಂತ ಯುನೆಸ್ಕೊ 1997ರ ಮಾನವ ಜೀನೋಮ್ ಘೋಷಣೆಯಲ್ಲೇ ಬರೆದಿದೆ. ಟೆಸ್ಟಿಗೆ ಮೊದಲು ಮತ್ತು ಆಮೇಲೆ ಕೌನ್ಸೆಲಿಂಗ್, ಬಲವಂತ ಇಲ್ಲದ ಒಪ್ಪಿಗೆ, ಗುಟ್ಟು ಕಾಪಾಡುವುದು, ಇವನ್ನು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಕೇಳುತ್ತದೆ. ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಹುಡುಗನ ಚಿಕ್ಕಪ್ಪನ ಮುಂದೆ ಇದನ್ನೆಲ್ಲ ಓದಿ ಹೇಳಿ ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನುವಾಗ ನೀವು ತಪ್ಪು ಮಾಡುತ್ತಿದ್ದೀರಿ ಅನ್ನಿಸಬಾರದು, ಅಷ್ಟೆ.

ಲೆಕ್ಕ ಗೊತ್ತಿರಲಿ. ತಮ್ಮನಿಗೂ ಸೋದರಮಾವನಿಗೂ ಇದ್ದಿದ್ದರಿಂದ ನಿಮ್ಮ ಅಮ್ಮ ಕ್ಯಾರಿಯರ್ ಅನ್ನುವುದು ಬಹುತೇಕ ಖಚಿತ. ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ, ನಿಮಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ರೋಗ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣುಮಗು ಕ್ಯಾರಿಯರ್ ಆಗುವ ಸಾಧ್ಯತೆ ಅರ್ಧ. ಪ್ರತಿ ಬಸಿರೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ಮೊದಲ ಮಗುವಿಗೆ ಬಂತು, ಇನ್ನು ಎರಡನೆಯದಕ್ಕೆ ಬರಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ. ಇನ್ನು ಟೆಸ್ಟ್ ಮಾಡಿಸದೆ ಇವತ್ತು ಲೆಕ್ಕ ಹಾಕಿದರೆ, ನಿಮ್ಮ ಒಂದು ಮಗುವಿಗೆ ರೋಗ ಇರುವ ಸಾಧ್ಯತೆ ಎಂಟರಲ್ಲಿ ಒಂದು. ಏಳು ಪಾಲು ಇಲ್ಲ.

ಚಿಕ್ಕಪ್ಪನವರಿಗೆ ಹೇಳಬಹುದಾದ ಮಾತು ಬೇರೆ ಇದೆ. ಹಿಮೋಫಿಲಿಯಾ ಬಂದ ಮನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ. ಬದಲಾವಣೆ ಹೊಸದಾಗಿ ಹುಟ್ಟಿರುತ್ತದೆ. ಅಂದರೆ 'ಶುದ್ಧ' ಮನೆತನ ಹುಡುಕಿ ಹೆಣ್ಣು ತಂದರೂ ಗ್ಯಾರಂಟಿ ಇಲ್ಲ. ಅದೂ ಅಲ್ಲದೆ, ಒಂದಲ್ಲ ಒಂದು ಕಾಯಿಲೆಯ ಕೆಟ್ಟ ಜೀನ್ ಪ್ರತಿಯೊಬ್ಬರಲ್ಲೂ ಅಡಗಿರುತ್ತದೆ, ಹುಡುಗನಲ್ಲೂ, ಚಿಕ್ಕಪ್ಪನಲ್ಲೂ. ಟೆಸ್ಟ್ ಬರೀ ಹುಡುಗಿಗೆ ಯಾಕೆ? ನಿಮ್ಮ ತಮ್ಮನಿಗೆ ಮುಂದೆ ಮದುವೆಯಾಗಿ ಹೆಣ್ಣುಮಕ್ಕಳಾದರೆ ಅವರೆಲ್ಲರೂ ಕ್ಯಾರಿಯರ್ ಆಗುತ್ತಾರೆ, ಅದರಲ್ಲಿ ಅನುಮಾನವೇ ಇಲ್ಲ. ಗಂಡುಮಕ್ಕಳಿಗೆ ಅವನಿಂದ ಬರುವುದಿಲ್ಲ. ಇಷ್ಟು ಖಚಿತವಿದ್ದರೂ ಅವನಿಗೆ ಯಾರೂ ರಿಪೋರ್ಟ್ ಕೇಳುವುದಿಲ್ಲ ನೋಡಿ. ಅರ್ಧ ಸಾಧ್ಯತೆಯ ನಿಮ್ಮನ್ನು ಕೇಳುತ್ತಾರೆ.

ಸಂಬಂಧದಲ್ಲಿ ಮದುವೆ ಮಾಡಿಕೊಂಡಿದ್ದಕ್ಕೇ ತಮ್ಮನಿಗೆ ಬಂತು ಅಂತ ನಿಮ್ಮ ಕಡೆ ಯಾರಾದರೂ ಹೇಳುತ್ತಿದ್ದರೆ ಅದೂ ತಪ್ಪು. ಥಲಸೇಮಿಯಾದಂಥ ಕಾಯಿಲೆಗೆ ಆ ಮಾತು ಸರಿ. ಹಿಮೋಫಿಲಿಯಾ ತಾಯಿಯ ಎಕ್ಸ್‌ನಿಂದ ಮಗನಿಗೆ ಬರುತ್ತದೆ, ಅಪ್ಪ ನೆಂಟನೋ ಪರಕೀಯನೋ ಅನ್ನುವುದಕ್ಕೆ ಅಲ್ಲಿ ಲೆಕ್ಕವಿಲ್ಲ. ಒಂದು ಕಡೆ ಮಾತ್ರ ಎಚ್ಚರ ಬೇಕು. ಹಿಮೋಫಿಲಿಯಾ ಇರುವ ಸೋದರಮಾವನಿಗೆ ಅಕ್ಕನ ಮಗಳನ್ನೇ ಕೊಟ್ಟರೆ, ಅವಳು ಕ್ಯಾರಿಯರ್ ಆಗಿದ್ದ ಪಕ್ಷದಲ್ಲಿ, ಹೆಣ್ಣುಮಕ್ಕಳಿಗೂ ರೋಗವೇ ಬರಬಹುದು. ನಮ್ಮ ಜಿಲ್ಲೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇನ್ನೂ ಇರುವುದರಿಂದ ಹೇಳಿದೆ.

ಹುಡುಗನಿಗೆ ಏನು ಹೇಳಬೇಕು? ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಒಪ್ಪದಿದ್ದರೂ ಪರವಾಗಿಲ್ಲ. ಹಕ್ಕು ಇದೆ ಅಂದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡು ಮದುವೆಯಾಗಿ ಅಂತ ನಾನು ಹೇಳುವುದಿಲ್ಲ. ತಮ್ಮನಿಗೆ ಈ ಕಾಯಿಲೆ ಇದೆ, ನನಗೂ ಅದರ ಜೀನ್ ಬಂದಿರಬಹುದು, ನಾನಿನ್ನೂ ಟೆಸ್ಟ್ ಮಾಡಿಸಿಲ್ಲ, ಮಗುವಿನ ಯೋಚನೆ ಬಂದಾಗ ಇಬ್ಬರೂ ಕೂತು ಮಾತಾಡೋಣ. ಇಷ್ಟನ್ನು ಹುಡುಗನಿಗೆ ಹೇಳಿ. ಹುಡುಗನಿಗೆ, ಅವರ ಚಿಕ್ಕಪ್ಪನಿಗಲ್ಲ. ಮಕ್ಕಳು ಆಗುವುದು ನಿಮ್ಮಿಬ್ಬರಿಗೆ. ರಿಪೋರ್ಟ್ ಕಾಗದ ಆ ಮನೆಯ ನಡುಮನೆಗೆ ಹೋದರೆ ಊರೆಲ್ಲ ಸುತ್ತಿ ಬರುತ್ತದೆ. ನೀವು ಕ್ಯಾರಿಯರ್ ಅಲ್ಲ ಅಂತ ಬಂದರೂ ನಿಮ್ಮ ತಂಗಿಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ಅಲ್ವಾ? ಇಷ್ಟು ಕೇಳಿ ಹುಡುಗ ಹಿಂದೆ ಸರಿದರೆ ನೋವಾಗುತ್ತದೆ, ನಿಜ. ಮದುವೆಯಾಗಿ ಮಗುವಿನ ಮೊಣಕಾಲೊಳಗೆ ರಕ್ತಸ್ರಾವವಾಗಿ ಊದಿಕೊಂಡ ದಿನ ಹಿಂದೆ ಸರಿಯುವುದಕ್ಕಿಂತ ಈಗಲೇ ಸರಿದದ್ದು ವಾಸಿ.

ಈ ಕಾಯಿಲೆ ಅಂದರೆ ಸಾವು ಅನ್ನುವ ಭಯ ನಿಮ್ಮ ಸೋದರಮಾವನ ಕಾಲದ್ದು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುತ್ತಾರೆ. ಆಗಾಗ ಸ್ಟಾಕ್ ಇಲ್ಲ ಅನ್ನುವ ತೊಂದರೆ ಬೇರೆ ಮಾತು, ಅದು ನಿಮ್ಮ ತಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಚರ್ಮದ ಕೆಳಗೆ ಕೊಡುವ ಎಮಿಸಿಜುಮಾಬ್ ಚುಚ್ಚುಮದ್ದು ಬಂದ ಮೇಲೆ ವಾರಕ್ಕೊಮ್ಮೆ, ಕೆಲವರಿಗೆ ನಾಲ್ಕು ವಾರಕ್ಕೊಮ್ಮೆ ತೆಗೆದುಕೊಂಡು ರಕ್ತಸ್ರಾವ ತಡೆಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಇನ್ನು ನೀವು ಕೆಲಸ ಮಾಡುವ ದಾವಣಗೆರೆಯಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೇ ಹಿಮೋಫಿಲಿಯಾ ಇದೆ. ಅವರು ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪ್ರಾಧ್ಯಾಪಕರಾಗಿದ್ದವರು. ಹುಡುಗನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಹಿಮೋಫಿಲಿಯಾ ಇಟ್ಟುಕೊಂಡು ಓದಿ, ದುಡಿದು, ಸಂಸಾರ ಮಾಡುವವರನ್ನು ನೋಡಿದರೆ ಅವರ ಯೋಚನೆ ಬದಲಾದರೂ ಆಗಬಹುದು.

ತಂಗಿಯ ವಿಷಯದಲ್ಲಿ ಅಪ್ಪನ ಮಾತಿಗೆ ಅರ್ಧ ಹೌದು, ಅರ್ಧ ಬೇಡ. ಅವಳ ಫ್ಯಾಕ್ಟರ್ ಮಟ್ಟ ಈಗಲೇ ನೋಡಿಸಿ. ಮುಟ್ಟು ಶುರುವಾಗಿರುವ ಹುಡುಗಿ, ಆಟದಲ್ಲಿ ಬೀಳುತ್ತಾಳೆ, ಹಲ್ಲು ಕೀಳಿಸುವುದು ಬರುತ್ತದೆ, ಅವಳಿಗೆ ಅದರಿಂದ ಉಪಯೋಗ ಇದೆ. ಜೀನ್ ಟೆಸ್ಟ್ ಮಾತ್ರ ಬೇಡ. ಅದರ ಉತ್ತರ ಅವಳಿಗೆ ಬೇಕಾಗುವುದು ಮಕ್ಕಳ ಯೋಚನೆ ಬಂದಾಗ. ಆಗ ತಿಳಿಯಬೇಕೋ ಬೇಡವೋ ಅಂತ ಅವಳೇ ಹೇಳುತ್ತಾಳೆ. ಈಗ ನಾವು ಮಾಡಿಸಿಟ್ಟರೆ ಆ ಆಯ್ಕೆ ಅವಳಿಗೆ ಉಳಿಯುವುದೇ ಇಲ್ಲ. ಮಕ್ಕಳಿಗೆ ಆ ವಯಸ್ಸಿನಲ್ಲಿ ಚಿಕಿತ್ಸೆಗೆ ಉಪಯೋಗವಿಲ್ಲದ ಕ್ಯಾರಿಯರ್ ಟೆಸ್ಟ್ ಮಾಡಬಾರದು ಅಂತಲೇ ಹೆಚ್ಚಿನ ದೇಶಗಳ ವೈದ್ಯ ಸಂಘಗಳ ನಿಲುವು. ಅಪ್ಪನಿಗೆ ಎರಡು ಸಲ ಲ್ಯಾಬಿಗೆ ಓಡಾಡುವುದು ತಪ್ಪುತ್ತದೆ ಅನ್ನುವುದಷ್ಟೇ ಲೆಕ್ಕ ಇರಬಹುದು, ಅವರ ಮೇಲೆ ಸಿಟ್ಟಾಗಬೇಡಿ.

ಅಮ್ಮ ಅಳುವುದು ಬರೀ ನಿಮ್ಮ ಮದುವೆಗಲ್ಲ ಅಂತ ನನಗೆ ಅನ್ನಿಸುತ್ತದೆ. ಇಂಥ ತಾಯಂದಿರು ಮಗನಿಗೆ ನನ್ನಿಂದಲೇ ಬಂತು ಅಂತ ಒಳಗೊಳಗೇ ಕೊರಗುತ್ತಿರುತ್ತಾರೆ, ಮಗಳಿಗೂ ಬಂದಿದೆ ಅಂತ ಕಾಗದದಲ್ಲಿ ನೋಡಲು ಅವರಿಗೆ ಧೈರ್ಯ ಇರುವುದಿಲ್ಲ. ಫ್ಯಾಕ್ಟರ್ ನೋಡಿಸಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಜಗಳೂರಿನ ಅಕ್ಕನ ವಿಷಯ ಕಾಯುವಂತಿಲ್ಲ. ನಿಮ್ಮ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಈ ಜೀನ್ ಬಂದಿರುವ ಸಾಧ್ಯತೆ ಅರ್ಧ, ಅಕ್ಕನಿಗೆ ಕಾಲು ಭಾಗ. ಹುಟ್ಟುವ ಮಗು ಗಂಡಾದರೆ ಅದಕ್ಕೆ ರೋಗ ಇರುವ ಸಾಧ್ಯತೆ ಎಂಟರಲ್ಲಿ ಒಂದು. ಹೇಳಬೇಕಾ ಅಂದರೆ, ಹೇಳಬೇಕು. ಆದರೆ ನಿಮ್ಮ ಯಾವ ರಿಪೋರ್ಟೂ ಹೇಳಬೇಕಾಗಿಲ್ಲ. ತಮ್ಮನ ಅನುಮತಿ ಕೇಳಿ, 'ಅಮ್ಮನ ತವರಿನಲ್ಲಿ ಹಿಮೋಫಿಲಿಯಾ ಎ ಇದೆ, ನಿನ್ನ ಡಾಕ್ಟರಿಗೆ ಹೇಳು' ಅಂದರೆ ಸಾಕು. ಮಿಕ್ಕದ್ದು ಅವಳಿಗೆ ಬಿಟ್ಟದ್ದು. ಅವಳ ಡಾಕ್ಟರು ಕೊನೆಯ ಮೂರು ತಿಂಗಳಲ್ಲಿ ಅವಳ ಫ್ಯಾಕ್ಟರ್ ನೋಡುತ್ತಾರೆ. ಬಸುರಿನಲ್ಲಿ ಫ್ಯಾಕ್ಟರ್ 8 ತಾನಾಗೇ ಏರಿರುತ್ತದೆ, ಹೆರಿಗೆಯಾದ ಮೇಲೆ ಇಳಿಯುತ್ತದೆ, ಆಗಲೇ ಜಾಸ್ತಿ ರಕ್ತ ಹೋಗುವುದು. ಹೆರಿಗೆಯಲ್ಲಿ ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿ ಎಳೆಯುವುದನ್ನು ತಪ್ಪಿಸುತ್ತಾರೆ. ಇಲ್ಲದಿದ್ದರೆ ರೋಗ ಇರುವ ಮಗುವಿನ ತಲೆಯೊಳಗೆ ರಕ್ತಸ್ರಾವ ಆಗಬಹುದು. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದ ಫ್ಯಾಕ್ಟರ್ ನೋಡಬಹುದು. ಸ್ನಾಯುವಿಗೆ ಕೊಡುವ ಚುಚ್ಚುಮದ್ದುಗಳನ್ನು ಆ ಉತ್ತರ ಬರುವವರೆಗೆ ಹೇಗೆ ನಿಭಾಯಿಸಬೇಕು ಅಂತ ಡಾಕ್ಟರು ಮೊದಲೇ ಯೋಚಿಸಿಟ್ಟಿರುತ್ತಾರೆ.

ಹೊಟ್ಟೆಯಲ್ಲಿರುವಾಗಲೇ ಮಗುವಿನ ಜೀನ್ ನೋಡಬೇಕಾ ಅನ್ನುವುದೂ ಅವಳೇ ತೀರ್ಮಾನಿಸಬೇಕಾದ ಮಾತು. ಹೊಟ್ಟೆಯಲ್ಲಿರುವ ಮಗುವಿನ ಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಲಿಂಗಕ್ಕೆ ಅಂಟಿದ ಆನುವಂಶಿಕ ಕಾಯಿಲೆಗೆ ಇಂಥ ಪರೀಕ್ಷೆಗೆ ಅವಕಾಶ ಕೊಡುತ್ತದೆ. ಅದಕ್ಕೆ ಬಸುರಿಯ ಲಿಖಿತ ಒಪ್ಪಿಗೆ ಬೇಕು, ಅದೂ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ಅದರ ಒಂದು ಪ್ರತಿ ಅವಳ ಕೈಗೆ ಕೊಡಬೇಕು. ಮಗು ಗಂಡೋ ಹೆಣ್ಣೋ ಅಂತ ಹೇಳುವ ಹಾಗಿಲ್ಲ. ಮುಂದೆ ಗರ್ಭ ಉಳಿಸಿಕೊಳ್ಳುವ, ತೆಗೆಸುವ ಮಾತು ಬಂದರೂ 18 ತುಂಬಿದ ಹೆಂಗಸಿನ ಒಪ್ಪಿಗೆಯನ್ನಷ್ಟೇ ಕಾನೂನು ಕೇಳುತ್ತದೆ, ಗಂಡನದಲ್ಲ, ಅತ್ತೆಯದಲ್ಲ.

ಮುಂದೆ ಯಾವಾಗಲಾದರೂ ನಿಮಗೆ ಜೀನ್ ಟೆಸ್ಟ್ ಮಾಡಿಸುವ ಮನಸ್ಸಾದರೆ ಅದು ಶುರುವಾಗುವುದು ನಿಮ್ಮಿಂದಲ್ಲ, ತಮ್ಮನಿಂದ. ಅವನ ರಕ್ತದಲ್ಲಿ ಬದಲಾವಣೆ ಯಾವುದು ಅಂತ ಮೊದಲು ಪತ್ತೆಯಾಗಬೇಕು. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಇಂಟ್ರಾನ್ 22 ಅನ್ನುವ ಕಡೆ ಜೀನ್ ತಿರುಗಾಮುರುಗಾ ಆಗಿರುತ್ತದೆ. ಅದನ್ನು ಮೊದಲು ನೋಡುತ್ತಾರೆ, ಸಿಗದಿದ್ದರೆ ಜೀನನ್ನು ಪೂರ್ತಿ ಓದುತ್ತಾರೆ. ಆಮೇಲೆ ನಿಮ್ಮಲ್ಲಿ ಆ ಒಂದು ಬದಲಾವಣೆಯನ್ನಷ್ಟೇ ಹುಡುಕಿದರೆ ಆಯಿತು. ತಮ್ಮ ಇಲ್ಲದೆ ನಿಮ್ಮನ್ನೊಬ್ಬರನ್ನೇ ನೋಡಿದರೆ ಅರ್ಥ ಖಚಿತವಿಲ್ಲದ ಉತ್ತರ ಬರಬಹುದು. ನೂರಾರು ಕಾಯಿಲೆ ಒಟ್ಟಿಗೆ ನೋಡುವ ದೊಡ್ಡ ಪ್ಯಾಕೇಜಿಗೆ ಹೋಗಬೇಡಿ, ಕೇಳದ ಪ್ರಶ್ನೆಗೆಲ್ಲ ಉತ್ತರ ಬಂದು ಕೂರುತ್ತದೆ. ತಮ್ಮನಿಗೆ 19 ತುಂಬಿದೆ, ಅವನ ಒಪ್ಪಿಗೆಯನ್ನು ಅವನನ್ನೇ ಕೇಳಬೇಕು. ನಿಮ್ಮ ಪತ್ರದಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರ ಮಾತೂ ಇದೆ, ಅವನದೊಂದೇ ಇಲ್ಲ.

ಈ ಟೆಸ್ಟ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಆಗುತ್ತದೆ. ಕೌನ್ಸೆಲಿಂಗ್‌ಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಮೊದಲು ದಾವಣಗೆರೆಯ ಸೊಸೈಟಿಯಲ್ಲೇ ವಿಚಾರಿಸಿ, ಸ್ಯಾಂಪಲ್ ಹೇಗೆ, ಎಲ್ಲಿಗೆ ಕಳಿಸಬೇಕು ಅಂತ ಹೇಳುತ್ತಾರೆ. ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆನುವಂಶಿಕ ಕಾಯಿಲೆ ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಆದರೆ ಜೀನ್ ಆಧಾರದ ತಾರತಮ್ಯ ತಡೆಯುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇಲ್ಲ. ರಿಪೋರ್ಟನ್ನು ಎಲ್ಲೆಂದರಲ್ಲಿ ಕೊಡಬೇಡಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಕೊನೆಗೆ ಒಂದು ಸಣ್ಣ ವಿಷಯ. ಲ್ಯಾಬಿನ ಫಾರಂನಲ್ಲಿ ಮೊಬೈಲ್ ನಂಬರ್ ಬರೆಯುವ ಜಾಗ ಇರುತ್ತದೆ. ಮನೆಯವರ ಜೊತೆ ಹೋದರೆ ಅಪ್ಪನ ನಂಬರ್ ಬರೆದುಬಿಡುತ್ತಾರೆ. ರಿಪೋರ್ಟ್ ಪಿಡಿಎಫ್ ಆಗಿ ಅವರ ವಾಟ್ಸಾಪಿಗೆ ಬರುತ್ತದೆ, ಸಂಜೆಯೊಳಗೆ ಚನ್ನಗಿರಿಗೂ ಹೋಗಿರುತ್ತದೆ. ಯಾರೂ ಬೇಕಂತ ಮಾಡಿರುವುದಿಲ್ಲ, ಆಗಿಬಿಡುತ್ತದೆ. ನಿಮ್ಮ ನಂಬರನ್ನೇ ಬರೆಯಿರಿ. ರಿಪೋರ್ಟನ್ನು ಡಾಕ್ಟರ ಎದುರಿಗೆ ಕೈಯಲ್ಲೇ ಕೊಡಿ, ಮೊಬೈಲಿಗೆ ಕಳಿಸಬೇಡಿ ಅಂತ ಮೊದಲೇ ಹೇಳಿ. ರಕ್ತ ಕೊಟ್ಟು ಬಂದ ಮೇಲೂ ಬೇಡ ಅನ್ನಿಸಿದರೆ ರಿಪೋರ್ಟ್ ತೆಗೆದುಕೊಳ್ಳದೆ ಬಿಡಬಹುದು. ತೆಗೆದುಕೊಳ್ಳುವ ದಿನ ಜೊತೆಗೆ ಯಾರು ಇರಬೇಕು ಅಂತಲೂ ನೀವೇ ಆರಿಸಿಕೊಳ್ಳಿ.